ಬೆಪ್ಪುತಕ್ಕಡಿ ಬಾಗಿಲಲ್ಲಿ ನಿಂತಾಗ

ಕಾಲರ್ ಎತ್ತಿಕೊಂಡೇ ಹೇಳುತ್ತೇನೆ, ಕೇಳಿ. ಈ ಕಥೆಯ ಅತ್ತಿಗೆ ಒಬ್ಬನ ಕಡೆ ಬೆರಳು ತೋರಿಸಿದಳು ಅಂದರೆ ಮುಗಿಯಿತು, ಆ ಬೆರಳು ವಾಪಸ್ ಮಡಚಿದ ಚರಿತ್ರೆಯೇ ಇಲ್ಲ. ಸಿಡಿಲು ಬೇಕಾದರೆ ಗುರಿ ತಪ್ಪಿ ಪಕ್ಕದ ಮನೆ ಮೇಲೆ ಬಿದ್ದೀತು. ಅತ್ತಿಗೆಯ ಬೆರಳು ತಪ್ಪುವುದಿಲ್ಲ. ತಪ್ಪಿತು ಅಂತ ಯಾರಾದರೂ ತೋರಿಸಿಕೊಟ್ಟರೆ ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ ಅನ್ನುವುದು ಬೇರೆ ವಿಷಯ. ಬಂದಷ್ಟನ್ನು ಬೋಳಿಸಿಕೊಳ್ಳುತ್ತೇನೆ.

ನಂಬಿಕೆ ಬರಲಿಲ್ಲವೇ? ಹಾಗಾದರೆ ಒಳಗೆ ಬನ್ನಿ. ಶೂ ಹೊರಗೆ ಬಿಡಿ, ಇಲ್ಲಿನ ಮೇಷ್ಟ್ರಿಗೆ ಕಾರ್ಪೆಟ್ ಮೇಲೆ ಪ್ರಾಣ.

"ನಿಲ್ಸು," ಎಂದಳು ಅತ್ತಿಗೆ.

ನಾದಿನಿ ಗುಂಡಿ ಒತ್ತಿದಳು. ಪರದೆಯ ಮೇಲೆ ಓಡುತ್ತಿದ್ದ ಮನುಷ್ಯ ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು ಹಾಗೇ ನಿಂತ. ಅವನ ತಲೆಯ ಮೇಲೆ ಹಳದಿ ಅಕ್ಷರಗಳಲ್ಲಿ ಅವನ ಹೆಸರು: ಬೆಪ್ಪುತಕ್ಕಡಿ.

ಪರದೆ ಎಳೆದ ಕಿಟಕಿ, ಸಾಲಾಗಿ ಐದು ಕುರ್ಚಿ, ಐದು ಕಂಪ್ಯೂಟರ್. ಎಲ್ಲ ಫ್ಯಾನುಗಳೂ ಒಟ್ಟಿಗೆ ಉಸಿರಾಡುವ ಸದ್ದು. ಬಿಸಿಯಾದ ಧೂಳಿನ ವಾಸನೆ, ಆರಿದ ಕಾಫಿಯ ವಾಸನೆ. ಗೋಡೆ ಗಡಿಯಾರ ಐದು ದಾಟಿತ್ತು. ಆರಕ್ಕೆ ನಾದಿನಿಯ ಬದುಕು ಮುಗಿಯುವುದಿತ್ತು.

ಮುಗಿಯುವುದು ಅಂದರೆ ಪ್ರಾಣ ಹೋಗುವುದಲ್ಲ. ಲೀಗಿನ ನಿಯಮ ಒಂದೇ: ಮೇಲಿನ ದರ್ಜೆಯ ಆಟಗಾರರಿಗೆ ಒಂದೇ ಐಡಿ. ಕಳ್ಳ ಹೆಸರಿನಲ್ಲಿ ಎರಡನೇ ಐಡಿ ಮಾಡಿಕೊಂಡು, ಏನೂ ಬಾರದವರ ಹಾಗೆ ನಟಿಸುತ್ತ ಹೊಸಬರ ಜೊತೆ ಆಡಿದರೆ ಜನ್ಮಪೂರ್ತಿ ಬ್ಯಾನ್. ಬೆಪ್ಪುತಕ್ಕಡಿ ಮಾಡಿದ್ದು ಅದಕ್ಕಿಂತ ಒಂದು ಕೈ ಮೇಲೆ. ಫೈನಲ್ಲಿಗೆಂದು ಇವರ ತಂಡ ಬಚ್ಚಿಟ್ಟುಕೊಂಡಿದ್ದ 'ಹಿತ್ತಿಲ ದಾಳಿ' ಎಂಬ ತಂತ್ರವನ್ನು ಹೊಸಬರ ಆಟದಲ್ಲಿ ಬಹಿರಂಗವಾಗಿ ಆಡಿ ತೋರಿಸಿದ್ದ. ಎದುರಾಳಿಗಳು ಅದನ್ನು ನೋಡಿ ಬಾಯಿಪಾಠ ಮಾಡಿಕೊಂಡು, ಫೈನಲ್ಲಿನ ಮೊದಲ ಪಂದ್ಯದಲ್ಲೇ ಇವರ ಚರ್ಮ ಸುಲಿದಿದ್ದರು. ಎರಡನೇ ಪಂದ್ಯ ನಾಳೆ.

ಆ ಐಡಿ ಬಳಕೆಯಾದದ್ದು ಇದೇ ಕೋಣೆಯ, ಇದೇ ಕುರ್ಚಿಯ ಕಂಪ್ಯೂಟರಿನಿಂದ. ಕುರ್ಚಿ ನಾದಿನಿಯದು. ಆಟದವರೆಲ್ಲ ಅವಳನ್ನು ಕರೆಯುವುದು ಬುಗುರಿ ಎಂದು. ಸಂಜೆ ಆರಕ್ಕೆ ಮೇಷ್ಟ್ರು, ಅಂದರೆ ತಂಡದ ಕೋಚು, ಲೀಗಿಗೆ ಒಂದು ಹೆಸರು ಕಳಿಸಲೇಬೇಕು. ಸದ್ಯಕ್ಕೆ ಇದ್ದದ್ದು ಬುಗುರಿಯ ಹೆಸರು.

"ಆಟ ಬಿಟ್ರೆ ನಂಗೆ ಬೇರೇನೂ ಬರಲ್ಲ ಅತ್ತಿಗೆ," ಎಂದಳು ಬುಗುರಿ. "ನೀರು ಕಾಯ್ಸೋಕೂ ಬರಲ್ಲ."

"ಗೊತ್ತು ಕಣೇ. ಆ ಕರಕಲು ಪಾತ್ರೆ ಉಜ್ಜಿದ್ದು ನಾನೇ."

"ನಾನು ಸಾಯ್ತಿದೀನಿ, ನಿಮಗೆ ಪಾತ್ರೆ ಚಿಂತೆ!"

"ನೀನು ಸಾಯೋದು ಆರಕ್ಕೆ. ಪಾತ್ರೆ ಹೋಗಿ ವಾರ ಆಯ್ತು. ಅಳು ನಿಲ್ಸಿ ಹೇಳು, ಇವನು ಈಗ ಹೊಡೆದ ಗುಂಡು ಎಲ್ಲಿ ಹೋಯ್ತು?"

ಅತ್ತಿಗೆಗೆ ಈ ಆಟದ ಗಂಧಗಾಳಿ ಇರಲಿಲ್ಲ. ಬೆಳಗ್ಗೆಯಿಂದ ನಾದಿನಿ ವಿವರಿಸಿದ್ದರಿಂದ ತಿಳಿದದ್ದು ಇಷ್ಟು: ಒಂದು ದೊಡ್ಡ ಖಾಲಿ ಬಂಗಲೆ. ಒಳಗೆ ಐವರು, ಹೊರಗೆ ಐವರು. ಹೊರಗಿನವರು ಒಂದೊಂದೇ ಬಾಗಿಲು ದಾಟಿ ನುಗ್ಗಬೇಕು. ಒಳಗಿನವರು ಕಾದು ಹೊಡೆಯಬೇಕು.

"ಎಡಗಿವಿ ಪಕ್ಕ ಹೋಯ್ತು," ಎಂದಳು ಬುಗುರಿ.

"ಅದರ ಹಿಂದಿನದು?"

"ಅದೂ ಎಡಗಿವಿ ಪಕ್ಕ."

"ಬೆಳಗ್ಗೆ ತೋರಿಸಿದ ಆಟದಲ್ಲಿ?"

ಬುಗುರಿ ಹಿಂದಕ್ಕೆ ಓಡಿಸಿ ನೋಡಿದಳು. ಎಡಗಿವಿ. ಇನ್ನೊಂದು ಆಟ ತೆರೆದಳು. ಎಡಗಿವಿ. ಎದುರಾಳಿ ನಿಂತಿರಲಿ, ಓಡುತ್ತಿರಲಿ, ಏಣಿ ಹತ್ತುತ್ತಿರಲಿ, ಗುಂಡು ಅವನ ಎಡಗಿವಿಗೆ ಗಾಳಿ ಹಾಕಿ ಹೋಗುತ್ತಿತ್ತು.

"ಬಾರದವನ ಗುಂಡು ಹೆಂಗಿರತ್ತೆ?"

"ದಿಕ್ಕಾಪಾಲು. ಒಂದು ಚಾವಣಿಗೆ, ಒಂದು ನೆಲಕ್ಕೆ, ಒಂದು ತಮ್ಮವರ ಬೆನ್ನಿಗೆ."

ಅತ್ತಿಗೆ ನಕ್ಕಳು. ಅವಳ ಕೆಲಸ ವಿಮಾ ಕಂಪನಿಯಲ್ಲಿ. ಅಪಘಾತವಾಯಿತು, ಕಾಲು ಹೋಯಿತು, ಕೈ ಹೋಯಿತು ಎಂದು ಬಂದವರಲ್ಲಿ ಯಾರದು ನಿಜ, ಯಾರದು ನಾಟಕ ಎಂದು ಬೀದಿಬದಿಯಲ್ಲಿ ನಿಂತು ನೋಡುವುದು. ನಿಜವಾಗಿ ಕುಂಟುವವನ ಹೆಜ್ಜೆ ಒಂದರಂತೆ ಇನ್ನೊಂದಿರುವುದಿಲ್ಲ; ಮೆಟ್ಟಿಲು ಕಂಡರೆ ಒಂದು ಥರ, ಬಸ್ಸು ಕಂಡರೆ ಇನ್ನೊಂದು ಥರ. ಸುಳ್ಳು ಕುಂಟು ಮಾತ್ರ ಗಡಿಯಾರದ ಲೋಲಕದ ಹಾಗೆ, ಬೆಳಗಿನಿಂದ ಸಂಜೆಯವರೆಗೆ ಒಂದೇ ಅಳತೆ.

"ಇವನಿಗೆ ಗುರಿ ಬರಲ್ಲ ಅಂತಲ್ಲ," ಎಂದಳು. "ತಪ್ಪಿಸೋ ಜಾಗಕ್ಕೇ ಗುರಿ ಇಟ್ಟು ಹೊಡೀತಿದಾನೆ. ಇವನು ನಿಮ್ಮ ದರ್ಜೆಯವನೇ."

"ಅದನ್ನೇ ಅಲ್ವಾ ಮೇಷ್ಟ್ರೂ ಹೇಳ್ತಿರೋದು? ಆಡ್ದೋಳು ನಾನೇ ಅಂತ!" ಬುಗುರಿಯ ದನಿ ಒಡೆಯಿತು. "ನೀವು ನನ್ನ ಉಳಿಸೋಕೆ ಬಂದ್ರೋ, ಹೂಳೋಕೆ ಬಂದ್ರೋ?"

"ಸುಮ್ನೆ ಓಡಿಸು. ನಿಧಾನಕ್ಕೆ."

ಬೆಪ್ಪುತಕ್ಕಡಿ ನಡೆದ. ಪಡಸಾಲೆ. ಮೊದಲ ಬಾಗಿಲು. ಬಾಗಿಲ ಮುಂದೆ ಒಂದು ಹೆಜ್ಜೆ ದೂರದಲ್ಲಿ ನಿಂತ. ಬಲಕ್ಕೆ ಸರಿದ. ಆಮೇಲೆ ಒಳಗೆ ಹೋದ.

ಎರಡನೇ ಬಾಗಿಲು. ನಿಂತ. ಬಲಕ್ಕೆ ಸರಿದ. ಒಳಗೆ ಹೋದ.

ಅತ್ತಿಗೆಯ ಬೆನ್ನು ನೆಟ್ಟಗಾಯಿತು. "ಇವನು ಯಾರಿಗೇ ದಾರಿ ಬಿಡ್ತಿದಾನೆ?"

"ಯಾರಿಗೂ ಇಲ್ಲ. ಇವನ ಕಡೆಯವರೆಲ್ಲ ಆಗ್ಲೇ ಸತ್ತು ಮಲಗಿದಾರೆ."

"ಯಾರೂ ಇಲ್ದಿದ್ರೂ ಬಿಡ್ತಿದಾನೆ."

ಬುಗುರಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮತ್ತೊಮ್ಮೆ ಓಡಿಸಿದಳು. ನಿಲ್ಲುವುದು, ಸರಿಯುವುದು, ನುಗ್ಗುವುದು. ಅವಳ ಕೈ ಮೌಸಿನ ಮೇಲಿಂದ ಜಾರಿತು.

"ಏನೇ?"

"ಏನಿಲ್ಲ."

"ನಿನ್ನ 'ಏನಿಲ್ಲ' ನಂಗೆ ಮದುವೆ ಆದ ದಿನದಿಂದ ಗೊತ್ತು. ಏನು?"

"ನಾನು ಯಾವತ್ತೂ ಬಾಗಿಲಲ್ಲಿ ನಿಲ್ಲಲ್ಲ ಅತ್ತಿಗೆ. ಎಲ್ಲರಿಗಿಂತ ಮೊದಲು ನುಗ್ಗೋಳು ನಾನು, ಅದೇ ನನ್ನ ಕೆಲಸ. ಅದಕ್ಕೇ ಬುಗುರಿ ಅನ್ನೋದು. ನನ್ನ ಹಿಂದೆ ಎರಡನೆಯೋನು ಬರ್ತಾನೆ. ಅವನು ಬಾಗಿಲಿಗೆ ಒಂದು ಹೆಜ್ಜೆ ಜಾಗ ಬಿಟ್ಟು ಬಲಕ್ಕೆ ಸರೀತಾನೆ, ನಾನು ಮೊದಲು ನುಗ್ಲಿ ಅಂತ."

"ಎರಡನೆಯೋನು ಯಾರು?"

ಐದು ಫ್ಯಾನುಗಳು ಉಸಿರಾಡಿದವು.

"ಕ್ಯಾಪ್ಟನ್," ಎಂದಳು ಬುಗುರಿ. ತಕ್ಷಣ ತಲೆ ಕೊಡವಿದಳು. "ಆದ್ರೆ ಅವನಾಗಿರಲ್ಲ. ಅವನ ಬಲಗೈ ನೋಡಿದೀರಲ್ಲ, ಮಣಿಕಟ್ಟಿಗೆ ಪಟ್ಟಿ. ಹದಿನೈದು ದಿನದಿಂದ ಮೌಸ್ ಮುಟ್ಟಿಲ್ಲ. ಬೆಪ್ಪುತಕ್ಕಡಿ ಮೊನ್ನೆ ತಾನೇ ಆಡಿದಾನೆ."

ಅತ್ತಿಗೆ ಬ್ಯಾಗಿನಿಂದ ಸ್ಕೂಟರಿನ ಕೀ ಗೊಂಚಲು ತೆಗೆದು ಅಂಗೈಯಲ್ಲಿ ತೂಗಿದಳು.

"ಪಟ್ಟಿ ಕಟ್ಟಿದ ಕೈ ನೋಡೋದೇ ನನ್ನ ಹೊಟ್ಟೆಪಾಡು ಕಣೇ. ಕರಿ ಅವನನ್ನ."

ಕ್ಯಾಪ್ಟನ್ ಎಡಗೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಬಂದ. ಎತ್ತರದ ಹುಡುಗ, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವ ಅಭ್ಯಾಸ. ಬಲ ಮಣಿಕಟ್ಟಿನ ಸುತ್ತ ಬಿಗಿಯಾದ ಕಪ್ಪು ಪಟ್ಟಿ.

"ಕರೆದ್ರಂತೆ ಅಕ್ಕ."

"ಕೂತ್ಕೊಳಪ್ಪ. ಕೈ ಹೆಂಗಿದೆ?"

"ಪರವಾಗಿಲ್ಲ."

"ಡಾಕ್ಟ್ರು ಏನಂದ್ರು?"

"ಮೌಸ್ ಮುಟ್ಟಬೇಡ ಅಂದ್ರು."

"ಹಿಡಿ!" ಎಂದು ಕೂಗಿದವಳೇ ಅತ್ತಿಗೆ ಕೀ ಗೊಂಚಲನ್ನು ಅವನ ಮುಖಕ್ಕೆ ಬೀಸಿದಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಬಲಗೈ ಮೇಲೆದ್ದಿತು. ಝಲ್! ಮೂಗಿನಿಂದ ಗೇಣಿನ ದೂರದಲ್ಲಿ ಕೀಗಳು ಅವನ ಮುಷ್ಟಿಯೊಳಗಿದ್ದವು. ಎಡಗೈಯ ಕಾಫಿ ಒಂದು ತೊಟ್ಟೂ ತುಳುಕಲಿಲ್ಲ.

ಇಷ್ಟು ವರ್ಷದಲ್ಲಿ ಈ ಕೀ ಗೊಂಚಲು ಎಷ್ಟು ಮುರಿದ ಕೈಗಳನ್ನು ಗುಣಪಡಿಸಿದೆಯೋ ಲೆಕ್ಕವಿಲ್ಲ. ದೇವರಾಣೆ, ಡಾಕ್ಟರುಗಳಿಗೂ ಅಷ್ಟು ಕೈಗುಣ ಇರಲಿಕ್ಕಿಲ್ಲ.

"ಚೆನ್ನಾಗಿ ಹಿಡಿದೆ," ಎಂದಳು ಅತ್ತಿಗೆ. "ಮೌಸ್ ಇದಕ್ಕಿಂತ ಹಗುರ ಅಲ್ವಾ?"

ಕ್ಯಾಪ್ಟನ್ನನ ಮುಖ ಬಿಳಿಚಿಕೊಂಡಿತು. ಬುಗುರಿ ಎದ್ದು ನಿಂತಳು.

"ಈ ಆಟ ನೋಡು. ಈ ಬೆಪ್ಪ ಪ್ರತಿ ಬಾಗಿಲಲ್ಲೂ ನಿಂತು ಯಾರಿಗೋ ದಾರಿ ಬಿಡ್ತಾನೆ. ಈ ತಂಡದಲ್ಲಿ ಹಾಗೆ ಬಿಡೋನು ನೀನೊಬ್ಬನೇ."

"ಬಾಗಿಲಲ್ಲಿ ಒಂದು ಹೆಜ್ಜೆ ಬಿಡೋದಾ?" ಕ್ಯಾಪ್ಟನ್ ಪರದೆಯನ್ನೇ ನೋಡಿದ. ಹುಬ್ಬು ಗಂಟಾಯಿತು. "ಅದು ಅಕ್ಕ... ಅದನ್ನ ನಂಗೆ ಕಲಿಸಿದ್ದು..."

"ಕಲಿತದ್ದು ಎಲ್ಲಾದ್ರೂ ಆಗ್ಲಿ, ಸಿಕ್ಕಿಬಿದ್ದಿದ್ದು ಇಲ್ಲಿ!" ಅತ್ತಿಗೆ ಮೇಜು ಗುದ್ದಿದಳು. "ಆರು ಗಂಟೆಗೆ ಇವಳ ಹೆಸರು ಹೋಗತ್ತೆ. ಇವಳ ಕುರ್ಚೀಲಿ ಕೂತು ಆಡಿದಾರೆ. ಇವಳಲ್ಲ ಅಂದ್ರೆ ಯಾರು? ನೀನು ಹೇಳ್ತೀಯೋ, ನಾನು ಹೇಳ್ಲೋ?"

ಕ್ಯಾಪ್ಟನ್ ಬುಗುರಿಯ ಕುರ್ಚಿಯನ್ನು ನೋಡಿದ. ಆಮೇಲೆ ಬುಗುರಿಯನ್ನು. ಅತ್ತು ಕೆಂಪಗಾದ ಕಣ್ಣು, ಉಗುರು ಕಚ್ಚಿ ಕಚ್ಚಿ ಮೊಂಡಾದ ಬೆರಳು. ತುಂಬ ಹೊತ್ತು ನೋಡಿದ.

"ನಾನೇ," ಎಂದ.

"ಏನು ನೀನೇ?"

"ಬೆಪ್ಪುತಕ್ಕಡಿ ನಾನೇ."

"ಇವಳ ಕಂಪ್ಯೂಟರಲ್ಲಿ ಯಾಕೆ ಆಡ್ದೆ?"

"ಅನುಮಾನ ಬರಬಾರ್ದು ಅಂತ."

"ಹಿತ್ತಿಲ ದಾಳಿ ಯಾಕೆ ತೋರಿಸ್ದೆ?"

"ಬುದ್ಧಿ ಇರ್ಲಿಲ್ಲ ಅಂತ."

"ಕೈ ನೋವು?"

"ನಾಟಕ ಅಂತ."

ಪ್ರಶ್ನೆ ಮುಗಿಯುವಷ್ಟರಲ್ಲಿ ಉತ್ತರ. ಎಲ್ಲ ಒಂದೇ ಉದ್ದ, ಒಂದೇ ದನಿ. ಅತ್ತಿಗೆಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಬುಗುರಿ ಅವನ ಮುಂದೆ ಬಂದು ನಿಂತಳು. ಸಾಮಾನ್ಯವಾಗಿ ಅವಳ ಬಾಯಲ್ಲಿ ಮಾತೆಲ್ಲ ಇಂಟರ್ವಲ್ಲಿಗೆ ಮುಂಚಿನ ಡೈಲಾಗಿನ ಹಾಗೆ ಗುಡುಗುತ್ತಿದ್ದವು. ಈಗ ಪಿಸುದನಿ.

"ಹಿಂದೆ ನೀನಿದೀಯ ಅಂತ ಕಣೋ ನಾನು ಕಣ್ಮುಚ್ಕೊಂಡು ನುಗ್ತಿದ್ದಿದ್ದು. ನೀನು ನನ್ನ ಬೆನ್ನಿಗೇ ಹೊಡೆದ್ಯಲ್ಲೋ."

ಕ್ಯಾಪ್ಟನ್ ಕೀ ಗೊಂಚಲನ್ನು ಮೇಜಿನ ಮೇಲಿಟ್ಟ.

ಬಾಗಿಲಲ್ಲಿ ನಿಧಾನವಾಗಿ ಯಾರೋ ಕೆಮ್ಮಿದರು. ಮೇಷ್ಟ್ರು. ದುಂಡುಮುಖ, ಮೆತ್ತನೆ ಮಾತು, ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇರುವ ಮನುಷ್ಯ. ಕಾಲಲ್ಲಿ ಬರೀ ಸಾಕ್ಸು, ಆದ್ದರಿಂದ ಬಂದದ್ದು ಯಾರಿಗೂ ಕೇಳಿಸಿರಲಿಲ್ಲ.

"ಎಲ್ಲಾ ಕೇಳಿಸ್ತಮ್ಮ," ಎಂದರು ಅತ್ತಿಗೆಗೆ. "ಸಾಕಿದ ಮಗನ ಥರ ನೋಡ್ಕೊಂಡಿದ್ದೆ ಇವನನ್ನ. ಇರ್ಲಿ. ಹೆಸರು ಬದಲಾಯಿಸಿ ಕಳಿಸ್ತೀನಿ. ನೀವೆಲ್ಲ ಮನೆಗೆ ಹೋಗಿ. ಬೀಗ ನಾನು ಹಾಕ್ಕೊಳ್ತೀನಿ."

ಪಕ್ಕದಲ್ಲಿದ್ದ ಮೇಷ್ಟ್ರ ಕ್ಯಾಬಿನ್ನಿನ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು.

ಗಡಿಯಾರದಲ್ಲಿ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅತ್ತಿಗೆ ಗೆದ್ದಿದ್ದಳು. ಬೇಕಾದರೆ ಇಲ್ಲಿಗೇ ಶುಭಂ ಹಾಕಿ ನಿಮ್ಮನ್ನು ಕಳಿಸಿಬಿಡಬಹುದಿತ್ತು, ನನ್ನ ಮೀಸೆಯೂ ಉಳಿಯುತ್ತಿತ್ತು.

ಆದರೆ ಹೊರಗೆ ಹೋಗಬೇಕಾದರೆ ಶೂ ಹಾಕಿಕೊಳ್ಳಬೇಕಲ್ಲ.

ಹೊರಬಾಗಿಲ ಪಕ್ಕದ ಬೆಂಚಿನ ಮೇಲೆ ಮೂವರೂ ಕೂತರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅತ್ತಿಗೆ ಚಪ್ಪಲಿ ಮೆಟ್ಟಿ ಎದ್ದಳು. ಕ್ಯಾಪ್ಟನ್ ಬಗ್ಗಿ ಎಡಗೈಯಿಂದ ಲೇಸು ಕಟ್ಟಲು ನೋಡಿದ. ಆಗಲಿಲ್ಲ. ಹಲ್ಲಿನಿಂದ ಪಟ್ಟಿಯ ತುದಿ ಎಳೆದು ಸಡಿಲಿಸಿ, ಬಲಗೈಯನ್ನು ಮುಂದೆ ತಂದ.

ಅತ್ತಿಗೆಯ ಕಣ್ಣು ಅಲ್ಲೇ ನೆಟ್ಟಿತು.

ಪಟ್ಟಿಯ ಕೆಳಗೆ ಮಣಿಕಟ್ಟು ನೀರು ತುಂಬಿದ ಚೀಲದ ಹಾಗೆ ಊದಿಕೊಂಡಿತ್ತು. ಚರ್ಮ ನೀಲಿಗಟ್ಟಿತ್ತು. ಎರಡು ಬೆರಳು ಮಡಚಲೇ ಬರುತ್ತಿರಲಿಲ್ಲ. ಲೇಸು ಹಿಡಿಯಲು ಹೋಗುತ್ತಿದ್ದವು, ಜಾರುತ್ತಿದ್ದವು. ಒಮ್ಮೆ ಇತ್ತ, ಒಮ್ಮೆ ಅತ್ತ. ಒಂದು ಸಲದಂತೆ ಇನ್ನೊಂದು ಸಲ ಇರಲಿಲ್ಲ.

ನೋವು ಅಷ್ಟು ನಿಜವಾಗಿತ್ತು.

ಬುಗುರಿ ಕೋಪವನ್ನೂ ಮರೆತು ಅವನ ಕಾಲ ಬಳಿ ಕೂತಳು. "ಕೊಡೋ ಇಲ್ಲಿ, ಮಂಕು ಮುಂಡೇದೆ," ಎಂದು ಲೇಸಿಗೆ ಕೈಹಾಕಿದಳು. ಅದೇ ಹೊತ್ತಿಗೆ ಅವಳ ಜೇಬಿನಲ್ಲಿ ಫೋನು ಗುಂಯ್ ಅಂದಿತು.

ಬೆಪ್ಪುತಕ್ಕಡಿ ಯಾವಾಗ ಬಂದರೂ ತಿಳಿಯಲಿ ಎಂದು ಅವಳೇ ಹಾಕಿಕೊಂಡಿದ್ದ ಗಂಟೆ ಅದು.

'ಬೆಪ್ಪುತಕ್ಕಡಿ ಆಟಕ್ಕೆ ಬಂದಿದ್ದಾರೆ.'

ಯಾರ ಆಟವನ್ನಾದರೂ ಹೊರಗಿನಿಂದ ನೋಡಬಹುದು. ಮೂರು ತಲೆಗಳು ಒಂದು ಫೋನಿನ ಮೇಲೆ ಬಗ್ಗಿದವು. ಪಡಸಾಲೆ. ಮೊದಲ ಬಾಗಿಲು. ಬೆಪ್ಪುತಕ್ಕಡಿ ಒಂದು ಹೆಜ್ಜೆ ದೂರದಲ್ಲಿ ನಿಂತ. ಬಲಕ್ಕೆ ಸರಿದ.

ಕ್ಯಾಪ್ಟನ್ನನ ಎರಡೂ ಕೈಗಳು ಅವರ ಕಣ್ಣೆದುರಿಗಿದ್ದವು.

"ನೀನಲ್ಲ," ಎಂದಳು ಬುಗುರಿ.

"ನೀನೂ ಅಲ್ಲ," ಎಂದ ಕ್ಯಾಪ್ಟನ್. ಅವನ ಮುಖದಲ್ಲಿ ಗೆದ್ದವನ ಬೆರಗು, ಸೋತವನ ಸಂಕಟ ಎರಡೂ ಒಟ್ಟಿಗೆ ಬಂದವು. "ನಾನು ನೀನೇ ಅಂತ ಅಂದ್ಕೊಂಡಿದ್ದೆ ಕಣೇ. ನಿನ್ನ ಕುರ್ಚಿ. ನಿನ್ನ ಮೆಷೀನು. ನನ್ನ ಕೈ ಹೆಂಗಿದ್ರೂ ಹೋಯ್ತು, ಇನ್ನು ಆಡಂಗಿಲ್ಲ ಅಂದಿದಾರೆ ಡಾಕ್ಟ್ರು. ಬ್ಯಾನ್ ಆದ್ರೆ ನಂಗೇನು ನಷ್ಟ?"

ಅತ್ತಿಗೆ ಮೆಲ್ಲಗೆ ಚಪ್ಪಲಿ ಬಿಚ್ಚಿದಳು.

ಈಗ ಕಾಲರ್ ಇಳಿಸುತ್ತೇನೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಿಜವಾಗಿ ನಡೆದದ್ದು ಹೀಗೆ.

ಕೀ ಗೊಂಚಲನ್ನು ಅವನು ಹಿಡಿದದ್ದು ನಿಜ. ಹುಟ್ಟಿನಿಂದ ಬಂದ ಕೈಚಳಕ, ನೋವನ್ನು ಕೇಳಿ ಏಳುವುದಿಲ್ಲ. ಆದರೆ ಹಿಡಿದ ಮರುಕ್ಷಣ ಅವನು ಹಲ್ಲು ಕಚ್ಚಿದ್ದನ್ನು, ಕಣ್ಣಂಚಿನಲ್ಲಿ ನೀರು ಬಂದದ್ದನ್ನು ನಾನು ನಿಮಗೆ ಹೇಳಲಿಲ್ಲ. ಮುಖ ಬಿಳಿಚಿಕೊಂಡಿತು ಎಂದೆ, ಅಷ್ಟೇ. ನೀವು ಅದನ್ನು ಭಯ ಅಂದುಕೊಂಡಿರಿ. ಅತ್ತಿಗೆಯೂ ಹಾಗೇ ಅಂದುಕೊಂಡಳು. ಪಟ್ಟಿ ಕಟ್ಟಿದ ಕೈಯನ್ನೆಲ್ಲ ಸುಳ್ಳೆಂದೇ ನೋಡಿ ನೋಡಿ, ನಿಜವಾದದ್ದು ಎದುರಿಗೆ ಬಂದು ಕೂತಾಗ ಅವಳಿಗೆ ಗುರುತು ಸಿಗಲಿಲ್ಲ. ಒಂದೇ ಅಳತೆಯ ಕುಂಟನ್ನು ಹಿಡಿಯುವವಳು, ಒಂದೇ ಅಳತೆಯ ಉತ್ತರಗಳನ್ನು ನುಂಗಿ ನೀರು ಕುಡಿದಳು.

ಇನ್ನು ಆ ಅರ್ಧ ಮಾತು. "ಅದನ್ನ ನಂಗೆ ಕಲಿಸಿದ್ದು..." ಎಂದು ಅವನು ಬಾಯಿ ತೆರೆದಾಗ ಮೇಜು ಗುದ್ದಿದವಳು ಅತ್ತಿಗೆ. ಆ ಗುದ್ದಿಗೆ ಒಳಗೊಳಗೇ ಶಿಳ್ಳೆ ಹೊಡೆದವನು ನಾನು.

"ಹೇಳಪ್ಪ," ಎಂದಳು ಈಗ, ತುಟಿ ಮಾತ್ರ ಅಲ್ಲಾಡುವಂತೆ. "ಬಾಗಿಲಲ್ಲಿ ದಾರಿ ಬಿಡೋದನ್ನ ನಿಂಗೆ ಕಲಿಸಿದ್ದು ಯಾರು?"

ಕ್ಯಾಪ್ಟನ್ ಕ್ಯಾಬಿನ್ನಿನ ಕಡೆ ನೋಡಿದ. ಹೇಳುವ ಅಗತ್ಯವೂ ಇರಲಿಲ್ಲ. ಮುಚ್ಚಿದ ಕ್ಯಾಬಿನ್ನಿನೊಳಗಿಂದ ಕೀಬೋರ್ಡಿನ ಸದ್ದು ಬರುತ್ತಿತ್ತು. ಟಕಟಕ, ಟಕಟಕ. ಫೋನಿನಲ್ಲಿ ಬೆಪ್ಪುತಕ್ಕಡಿ ಎರಡನೇ ಬಾಗಿಲ ಮುಂದೆ ನಿಂತ. ಕ್ಯಾಬಿನ್ನಿನೊಳಗೆ ಸದ್ದು ನಿಂತಿತು. ಬೆಪ್ಪುತಕ್ಕಡಿ ಬಲಕ್ಕೆ ಸರಿದ. ಟಕ್. ಒಳಗೆ ನುಗ್ಗಿದ. ಟಕಟಕಟಕ.

ಎಲ್ಲರೂ ಮನೆಗೆ ಹೋದರು ಅಂದುಕೊಂಡಿದ್ದರು ಮೇಷ್ಟ್ರು. ಸ್ವಂತ ತಂಡದ ಗುಟ್ಟನ್ನು ಯಾಕೆ ಬಿಟ್ಟುಕೊಟ್ಟರು ಅನ್ನುವುದು ಇನ್ನೂ ಆ ಚಿಲಕದ ಹಿಂದೆಯೇ ಇತ್ತು.

ಗಡಿಯಾರ ಆರು ಹೊಡೆಯಿತು. ಬುಗುರಿಯ ಫೋನು ಮತ್ತೊಮ್ಮೆ ಗುಂಯ್ ಅಂದಿತು. ಈ ಸಲ ಲೀಗಿನಿಂದ. ಜನ್ಮಪೂರ್ತಿ ಬ್ಯಾನ್ ಆದವಳ ಹೆಸರು ಅದರಲ್ಲಿತ್ತು: ಬುಗುರಿ. ಬದಲಾಯಿಸಿ ಕಳಿಸುತ್ತೇನೆ ಎಂದಿದ್ದ ಮೇಷ್ಟ್ರು ಏನನ್ನೂ ಬದಲಾಯಿಸಿರಲಿಲ್ಲ.

ಅತ್ತಿಗೆ ತಡೆದಳು ಎಂದು ಬರೆಯಲು ನನಗೆ ತುಂಬ ಆಸೆ. "ತಾಳು, ಮೊದಲು ಫೋನಲ್ಲಿ ರೆಕಾರ್ಡ್ ಮಾಡ್ಕೊ, ಸಾಕ್ಷಿ ಬೇಕು" ಎಂದಳು ಎಂದೂ ಬರೆಯಬಹುದಿತ್ತು. ಹಾಗೆ ಹೇಳಲು ಅವಳು ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಫೋನು ನೆಲಕ್ಕೆ ಬಿದ್ದಿತ್ತು, ಪರದೆ ಸೀಳಿ ಕಪ್ಪಾಗಿತ್ತು.

ಬುಗುರಿ ಕ್ಯಾಬಿನ್ನಿನ ಬಾಗಿಲ ಕಡೆ ಓಡುತ್ತಿದ್ದಳು. ಕ್ಯಾಪ್ಟನ್ ಅವಳ ಹಿಂದೆ, ಒಂದು ಹೆಜ್ಜೆ ಬಿಟ್ಟು, ಬಲಕ್ಕೆ.

ಅವಳು ಯಾವತ್ತೂ ಬಾಗಿಲಲ್ಲಿ ನಿಂತವಳಲ್ಲ.